ಮಧ್ಯಾಹ್ನ ಮೂರರ ಒಳಗೆ ಒಣಗಬೇಕು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ತಾರಸಿಯಲ್ಲಿ 30 ಗ್ರೋ ಬ್ಯಾಗ್ ಇವೆ. ಮೆಣಸಿನಕಾಯಿ, ಟೊಮೆಟೊ, ಬೆಂಡೆಕಾಯಿ, ಮೂಲೆಯ ಡ್ರಮ್ಮಿನಲ್ಲಿ ಒಂದು ಬೂದುಗುಂಬಳದ ಬಳ್ಳಿ. ಡಿಸೆಂಬರ್‌ನಲ್ಲಿ ಬಿತ್ತಿದ್ದು ಏಪ್ರಿಲ್ ಹೊತ್ತಿಗೆ ಎಲ್ಲ ಒಟ್ಟಿಗೇ ಬಿಡುತ್ತದೆ. ಅಕ್ಕಪಕ್ಕದವರಿಗೆ ಕೊಟ್ಟರೂ ಉಳಿಯುತ್ತದೆ. ಉಳಿದಿದ್ದನ್ನು ಫ್ರಿಜ್‌ಗೆ ತುರುಕಿದರೆ ವಾರದಲ್ಲಿ ಬಾಡುತ್ತದೆ. ಅದಕ್ಕೇ ಬಿಸಿಲಲ್ಲಿ ಒಣಗಿಸಲು, ಎಣ್ಣೆಯಲ್ಲಿ ಬಾಡಿಸಲು ಕಲಿತೆ.

ಮೊದಲ ವರ್ಷ ಬಾಳಕದ ಮೆಣಸಿನಕಾಯಿ ಪೂರ್ತಿ ಹಾಳಾಯಿತು. ಮೂರು ದಿನ ಬಿಸಿಲಿಗೆ ಹಾಕಿ, ಮೇಲೆ ಗರಿಗರಿ ಅನ್ನಿಸಿದ ಕೂಡಲೇ ಡಬ್ಬಿಗೆ ತುಂಬಿದ್ದೆ. ಜೂನ್‌ನಲ್ಲಿ ತೆಗೆದರೆ ಬೂಷ್ಟು. ಎರಡು ಕೆ.ಜಿ. ಕಾಯಿ ಕಸಕ್ಕೆ ಹೋಯಿತು. ತುಂಬಾ ಬೇಜಾರಾಗಿತ್ತು. ಅತ್ತೆ ಬೈಯಲಿಲ್ಲ. ‘ತೊಟ್ಟಿನ ಹತ್ತಿರ ಮುರಿದು ನೋಡಿದ್ಯೇನಮ್ಮ? ಲಟಕ್ ಅನ್ನಬೇಕು’ ಅಂದರು. ತೇವ ಅಡಗಿರುವುದು ಅಲ್ಲೇ. ಮೈ ಬೇಗ ಒಣಗುತ್ತದೆ, ತೊಟ್ಟಿನ ಬುಡ ಮಾತ್ರ ಕೊನೆಗೆ.

ಈಗ ಹೀಗೆ ಮಾಡುತ್ತೇನೆ. ಒಂದು ಕೆ.ಜಿ. ದಪ್ಪ, ಗಿಡ್ಡ ಮೆಣಸಿನಕಾಯಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಲು ಬಿಡುತ್ತೇನೆ. ತೊಟ್ಟು ಕೀಳುವುದಿಲ್ಲ, ಕಿತ್ತರೆ ಬೀಜ ಉದುರುತ್ತದೆ. ಮಧ್ಯೆ ಉದ್ದಕ್ಕೆ ಒಂದು ಸೀಳು. ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಹುಳಿ ಮೊಸರು ಕಡೆದು, 100 ಗ್ರಾಂ ಕಲ್ಲುಪ್ಪು, ಹುರಿದ ಮೆಂತ್ಯದ ಪುಡಿ, ಇಂಗು ಬೆರೆಸುತ್ತೇನೆ. ನೀರು ಹಾಕುವುದಿಲ್ಲ. ಕಾಯಿ ಎರಡು ರಾತ್ರಿ ಅದರಲ್ಲೇ ನೆನೆಯಬೇಕು. ಮೂರನೇ ದಿನ ಬೆಳಿಗ್ಗೆ ತೆಗೆದು ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಹೀರುವವರೆಗೆ ಇದೇ ಓಡಾಟ, ನನಗೆ ನಾಲ್ಕು ದಿನ ಹಿಡಿಯುತ್ತದೆ. ಆಮೇಲೆ ಬರೀ ಬಿಸಿಲು, ಐದಾರು ದಿನ. ನಡುವೆ ಒಂದು ದಿನ ಮೋಡ ಮುಚ್ಚಿದರೆ ಮೊಸರಿನ ಕಾಯಿ ನಾರುತ್ತದೆ. ಆ ದಿನ ಫ್ಯಾನಿನ ಕೆಳಗೆ ಹರಡುತ್ತೇನೆ.

ಬೆಂಗಳೂರಿನ ಬಿಸಿಲನ್ನು ನಂಬಿ ಕೂರುವಂತಿಲ್ಲ. ಬೆಳಿಗ್ಗೆ ಚುರುಚುರು ಅನ್ನುತ್ತದೆ, ಮೂರು ಗಂಟೆಗೆ ಗುಡುಗು, ನಾಲ್ಕಕ್ಕೆ ಆಲಿಕಲ್ಲು. ಮಾವಿನ ಮಳೆ ಅನ್ನುತ್ತೇವಲ್ವಾ, ಅದು ಮಾವಿಗೆ ಒಳ್ಳೆಯದಿರಬಹುದು, ಸಂಡಿಗೆಗೆ ಅಲ್ಲ. ಅದಕ್ಕೆ ಎಂಟೂವರೆಗೇ ತಾರಸಿಗೆ ಹಾಸು ಹೋಗಿರುತ್ತದೆ, ಮೂರಕ್ಕೆ ಒಳಗೆ ಬಂದಿರುತ್ತದೆ. ಏಪ್ರಿಲ್ 24-25ರ ಸುಮಾರಿಗೆ ಇಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟಗೆ ನಿಲ್ಲಿಸಿದ ಬಾಟಲಿಗೂ ಪಕ್ಕದಲ್ಲಿ ನೆರಳಿರುವುದಿಲ್ಲ. ಆ ದಿನದ ಹಿಂದೆ ಮುಂದೆ ಒಂದೊಂದು ವಾರ ನನ್ನ ಮುಖ್ಯ ಕೆಲಸ ಮುಗಿಸುತ್ತೇನೆ. ಕಾಗೆಗೆ ಕಪ್ಪು ಕೊಡೆ ಬಿಚ್ಚಿಡುತ್ತೇನೆ. ಅಳಿಲು ಕೊಡೆಗೆ ಹೆದರುವುದಿಲ್ಲ, ಅದಕ್ಕೆ ತೆಳು ವಾಯಿಲ್ ಸೀರೆ ಹೊದಿಸಿ ಅಂಚಿಗೆ ಕಲ್ಲಿಡಬೇಕು.

ಬೂದುಗುಂಬಳ ಅರಳು ಸಂಡಿಗೆಗೆ. ಕಾಯಿ ತುರಿದು, ಉಪ್ಪು, ಹಸಿಮೆಣಸಿನಕಾಯಿ, ಇಂಗು ರುಬ್ಬಿ ಸೇರಿಸಿ, ಅದರದೇ ನೀರಿನಲ್ಲಿ ಭತ್ತದ ಅರಳು ನೆನೆಸಿ, ಪುಟ್ಟ ಉಂಡೆಗಳಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಇಡುವುದು. ಉಪ್ಪು ಸ್ವಲ್ಪ ಕಡಿಮೆ ಅನ್ನಿಸಿದಾಗಲೇ ನಿಲ್ಲಿಸಿ. ಒಣಗಿದ ಮೇಲೆ ಅದೇ ಸರಿಯಾಗಿರುತ್ತದೆ.

ಟೊಮೆಟೊ ನನಗೆ ತುಂಬಾ ಇಷ್ಟದ ಕೆಲಸ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕುತ್ತೇನೆ. ಎಲೆ ಮುದುರು ರೋಗ ತಡೆಯುತ್ತದೆ, ತಿರುಳು ಗಟ್ಟಿ. ತೊಕ್ಕಿಗೆ ಗಟ್ಟಿ ತಿರುಳೇ ಬೇಕು, ಇಲ್ಲದಿದ್ದರೆ ಗ್ಯಾಸ್ ಸುಮ್ನೆ ಖರ್ಚಾಗುತ್ತದೆ. ಎರಡು ಕೆ.ಜಿ. ಹಣ್ಣು ಹೆಚ್ಚಿ, ದಪ್ಪ ತಳದ ಬಾಣಲೆಯಲ್ಲಿ 100 ಗ್ರಾಂ ಹುಣಸೆಹಣ್ಣಿನ ಜೊತೆ ಬೇಯಿಸುತ್ತೇನೆ. ಟೊಮೆಟೊವೇ ಹುಳಿ, ಹುಣಸೆ ಯಾಕೆ ಅಂತ ಪಕ್ಕದ ಮನೆಯವರು ಕೇಳಿದ್ದರು. ಕೆಡದೆ ಉಳಿಯಬೇಕಾದರೆ ಹುಳಿಯ ಅಳತೆಯಾದ ಪಿಎಚ್ (ಅದು ಇಳಿದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿರಬೇಕು, ಎಷ್ಟೋ ಟೊಮೆಟೊ ಆ ಗಡಿಯ ಹತ್ತಿರವೇ ಇರುತ್ತವೆ. ಹುಣಸೆ ಅದನ್ನು ಕೆಳಕ್ಕೆ ಎಳೆಯುತ್ತದೆ. ತಣ್ಣಗಾದ ಮೇಲೆ ರುಬ್ಬಿ, 200 ಮಿ.ಲೀ. ಎಳ್ಳೆಣ್ಣೆಯಲ್ಲಿ ಸಾಸಿವೆ ಸಿಡಿಸಿ, ಸುಮಾರು ಮುಕ್ಕಾಲು ಗಂಟೆ ಕೈಯಾಡಿಸುತ್ತೇನೆ. ಎಣ್ಣೆ ಪಕ್ಕಕ್ಕೆ ಬಿಟ್ಟು, ಸೌಟು ಎಳೆದ ದಾರಿ ಮುಚ್ಚದೆ ನಿಂತರೆ ಆಯಿತು. ಉಪ್ಪು, ಖಾರದ ಪುಡಿ, ಮೆಂತ್ಯದ ಪುಡಿ ಕೊನೆಯಲ್ಲಿ. ಎರಡು ಕೆ.ಜಿ.ಗೆ ಮುಕ್ಕಾಲು ಕೆ.ಜಿ. ಸಿಗುತ್ತದೆ. ಜಾಡಿಯನ್ನು ಬಿಸಿಲಲ್ಲಿಟ್ಟು ಒಣಗಿಸಿ ತುಂಬುತ್ತೇನೆ, ಒಣ ಚಮಚ ಮಾತ್ರ. ಮನೆಯಲ್ಲಿ ಎಲ್ಲರಿಗೂ ಈ ನಿಯಮ ಗೊತ್ತು.

2024ರ ಮಾರ್ಚ್ ಕಷ್ಟವಾಯಿತು. ನಗರದಲ್ಲಿ ನೀರಿನ ಅಭಾವ. ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೇ ಬಕೆಟ್‌ನಲ್ಲಿ ಹಿಡಿದು ಮೇಲಕ್ಕೆ ಹೊತ್ತೆವು. ಬೆಂಡೆ ಬಿಟ್ಟುಕೊಟ್ಟೆ. ಮೆಣಸಿನ ಗಿಡ ಉಳಿಸಿಕೊಂಡೆ. ಕಾಯಿ ಗಿಡ್ಡಗಾದವು, ಖಾರ ಮಾತ್ರ ಜಾಸ್ತಿ, ಒಣಗಿದ್ದೂ ಬೇಗ. ಆ ವರ್ಷದ ಬಾಳಕವನ್ನು ಮನೆಯವರು ಇನ್ನೂ ನೆನೆಯುತ್ತಾರೆ.

ಆ ಗಿಡಗಳಲ್ಲೇ ಗಟ್ಟಿಯಾಗಿದ್ದ ಎರಡರಿಂದ ಕಾಯಿ ಪೂರ್ತಿ ಕೆಂಪಾಗಲು ಬಿಟ್ಟು ಬೀಜ ತೆಗೆದೆ. ಅರ್ಕಾ ರಕ್ಷಕ್ ಹೈಬ್ರಿಡ್, ಅದರ ಬೀಜ ಹಾಕಿದರೆ ತಾಯಿಯಂತೆ ಬರುವುದಿಲ್ಲ, ಪ್ರತಿ ವರ್ಷ ಕೊಳ್ಳಬೇಕು. ನಾಟಿ ಮೆಣಸಿನಕಾಯಿ ಹಾಗಲ್ಲ. ಆ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ತೊಕ್ಕಿನ ಜಾಡಿಗಳ ಪಕ್ಕದಲ್ಲೇ ಇಟ್ಟಿದ್ದೇನೆ. ಮೇಲೆ ಅತ್ತೆ ‘ಡಿಸೆಂಬರ್’ ಅಂತ ಬರೆದಿದ್ದಾರೆ.