ಲೆದರ್ ಗಾಲ್ಫ್ ಶೂ: ಒರೆಸುವುದು ಸುಲಭ, ಒಣಗಿಸುವುದೇ ಕೆಲಸ

ಬೆಂಗಳೂರಿನಲ್ಲಿ ಗಾಲ್ಫ್ ಆಡುವವರ ಶೂ ನೆನೆಯುವುದಕ್ಕೆ ಮಳೆಯೇ ಬರಬೇಕೆಂದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೆ ಆಟ ಶುರು ಮಾಡಿದರೆ ಇಬ್ಬನಿಯೇ ಸಾಕು. ಎರಡು ಮೂರು ಹೋಲ್ (ಚೆಂಡು ಬೀಳಿಸಬೇಕಾದ ಗುಳಿ) ಮುಗಿಯುವಷ್ಟರಲ್ಲಿ ಬೆರಳಿನ ಕಡೆಯ ಚರ್ಮ ನೀರು ಕುಡಿದು ಬಣ್ಣ ಬದಲಿಸಿರುತ್ತದೆ. ಇನ್ನು ಕೊಡಗಿನ ಬಿಟ್ಟಂಗಾಲದಲ್ಲೋ ಚಿಕ್ಕಮಗಳೂರಿನಲ್ಲೋ ಮಳೆಗಾಲದಲ್ಲಿ ಆಡುವವರ ಪಾಡು ಹೇಳಬೇಕಾಗಿಲ್ಲ. 18 ಹೋಲ್ ನಡೆದು ಆಡಿದರೆ ಏಳೆಂಟು ಕಿಲೋಮೀಟರ್ ಆಗುತ್ತದೆ. ಅಷ್ಟು ದೂರವೂ ಒದ್ದೆ ಹುಲ್ಲು, ಕೆಂಪು ಮಣ್ಣು, ಬಂಕರಿನ ಮರಳು, ಹುಲ್ಲಿಗೆ ಹಾಕಿದ ಗೊಬ್ಬರ ಶೂಗೆ ಮೆತ್ತುತ್ತಲೇ ಇರುತ್ತವೆ.

ಒಳ್ಳೆಯ ಚರ್ಮ ಇಷ್ಟನ್ನೂ ತಾಳಿಕೊಳ್ಳುತ್ತದೆ. ಆಟ ಮುಗಿದ ಮೇಲೆ ನಾವು ಮಾಡುವ ಉಪಚಾರವನ್ನು ಮಾತ್ರ ತಾಳಿಕೊಳ್ಳುವುದಿಲ್ಲ. ಲಾಕರ್ ರೂಮಿನಲ್ಲಿ ಮತ್ತೆ ಮತ್ತೆ ಕಾಣುವುದು ಇದೇ: ಒದ್ದೆ ಶೂ ನೇರ ಪ್ಲಾಸ್ಟಿಕ್ ಕವರಿಗೆ ಹೋಗುತ್ತದೆ, ಕವರು ಕಾರಿನ ಡಿಕ್ಕಿಗೆ, ಕಾರು ಇಡೀ ದಿನ ಬಿಸಿಲಿಗೆ. ಹದಿನೈದು ಸಾವಿರ ಕೊಟ್ಟು ತಂದ ಜೋಡಿ ಒಂದೇ ಮಳೆಗಾಲದಲ್ಲಿ ಬಿರುಕು ಬಿಟ್ಟು ಅಟ್ಟೆ ಕಳಚಿಕೊಂಡಾಗ ಕಂಪನಿಯನ್ನು ಬೈಯುತ್ತಾರೆ.

ಮೊದಲು, ನಿಮ್ಮ ಶೂ ಚರ್ಮದ್ದೇ ಎಂದು ನೋಡಿಕೊಳ್ಳಿ. ಈಗ ಬರುವ ಗಾಲ್ಫ್ ಶೂಗಳಲ್ಲಿ ಎಷ್ಟೋ ಮೈಕ್ರೋಫೈಬರಿನವು, ಅಂದರೆ ಕೃತಕ ನಾರಿನವು. ನಾಲಿಗೆಯ ಒಳಗೆ ಅಂಟಿಸಿದ ಚೀಟಿಯಲ್ಲಿ, ಹರಡಿದ ತೊಗಲಿನ ಆಕಾರದ ಗುರುತಿದ್ದರೆ ಚರ್ಮ. ಆ ಆಕಾರದೊಳಗೆ ಸಣ್ಣದೊಂದು ವಜ್ರಾಕೃತಿ ಇದ್ದರೆ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟ ಚರ್ಮ. ಬರೀ ವಜ್ರಾಕೃತಿ ಇದ್ದರೆ ಚರ್ಮವೇ ಅಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿಡಿ, ಸಾಕು. ನುಣುಪಿಲ್ಲದ, ಮಖಮಲ್ಲಿನ ಹಾಗಿರುವ ಸ್ವೇಡ್ ಶೂಗೂ ಕೆಳಗೆ ಹೇಳಿರುವ ಕ್ರೀಮು ತಾಕಿಸಬೇಡಿ.

ಎರಡನೆಯದು, ಮಣ್ಣು ತೆಗೆಯುವುದು. ಮೇಲ್ಭಾಗದ ಕೆಂಪು ಮಣ್ಣನ್ನು ಕ್ಲಬ್ಬಿನಲ್ಲೇ ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಒಣಗಲು ಬಿಟ್ಟರೆ ಬಿಳಿ ಹೊಲಿಗೆ ಕೆಂಪಾಗುತ್ತದೆ, ಆಮೇಲೆ ಏನು ಮಾಡಿದರೂ ಹೋಗದು. ಅಟ್ಟೆಯಡಿಯ ಮಣ್ಣು ಒಣಗಿದ ಮೇಲೆ ತಟ್ಟಿದರೆ ತಾನೇ ಉದುರುತ್ತದೆ. ಕ್ಲಬ್ಬುಗಳಲ್ಲಿ ಹುಲ್ಲು ಹಾರಿಸಲು ಗಾಳಿಯ ಗನ್ ಇಟ್ಟಿರುತ್ತಾರೆ. ಅದನ್ನು ಅಟ್ಟೆಗೆ ಮಾತ್ರ ಹಿಡಿಯಿರಿ. ಮೇಲ್ಭಾಗಕ್ಕೆ ಹಿಡಿದರೆ ಮರಳಿನ ಕಣ ಹೊಲಿಗೆಯ ಸಂದಿಗೆ, ನಾಲಿಗೆಯ ಮಡಿಕೆಗೆ ಹೋಗಿ ಕೂರುತ್ತದೆ. ಆಮೇಲೆ ಪ್ರತಿ ಹೆಜ್ಜೆಗೂ ದಾರ ಸವೆಯುತ್ತದೆ.

ಮನೆಗೆ ಬಂದಮೇಲೆ ಲೇಸು ಬಿಚ್ಚಿ, ಒಳಹಾಸು ಹೊರಗೆ ತೆಗೆಯಿರಿ. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಎರಡು ತೊಟ್ಟು ಮಕ್ಕಳ ಶಾಂಪೂ ಹಾಕಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಅಟ್ಟೆ ಮತ್ತು ಚರ್ಮ ಸೇರುವ ಅಂಚಿಗೆ ಹಳೇ ಟೂತ್‌ಬ್ರಷ್. ಬಟ್ಟೆ ಸೋಪು, ಪಾತ್ರೆ ತೊಳೆಯುವ ಬಾರ್, ಡಿಟರ್ಜೆಂಟ್ ಪುಡಿ ಖಂಡಿತ ಬೇಡ. ಹದ ಮಾಡಿದ ಚರ್ಮ ಸ್ವಲ್ಪ ಆಮ್ಲೀಯ, ಇವೆಲ್ಲ ಕ್ಷಾರ. ಕೊಳೆಯ ಜೊತೆ ಚರ್ಮದ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತವೆ. ಶೂವನ್ನು ನಲ್ಲಿ ಕೆಳಗೆ ಹಿಡಿಯುವುದು, ವಾಷಿಂಗ್ ಮಷೀನಿಗೆ ಹಾಕುವುದು ಎರಡೂ ಕೂಡದು.

ಈಗ ಒಣಗಿಸುವ ಹಂತ. ಎಲ್ಲರೂ ಎಡವುವುದು ಇಲ್ಲೇ.

ರಾಣಿಪೇಟೆ, ಆಂಬೂರಿನ ಟ್ಯಾನರಿಗಳಲ್ಲಿ ಚರ್ಮ ಹದ ಮಾಡುವಾಗ ಕೊನೆಯ ಹಂತಗಳಲ್ಲಿ ಅದಕ್ಕೆ ಎಣ್ಣೆ ಉಣಿಸುತ್ತಾರೆ. ನಾರು ನಾರಿನ ನಡುವೆ ಆ ಎಣ್ಣೆ ಇರುವುದರಿಂದಲೇ ಚರ್ಮ ಬಾಗುತ್ತದೆ. ನೆನೆದಾಗ ನಾರುಗಳು ಉಬ್ಬುತ್ತವೆ. ನಿಧಾನವಾಗಿ ಒಣಗಿದರೆ ಮತ್ತೆ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗಿಟ್ಟರೆ ಹೊರಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗಡೆ ಇನ್ನೂ ಒದ್ದೆ. ನಾರುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ, ಮುಂದಿನ ಸಲ ಕಾಲು ಬಾಗಿದಾಗ ಬೆರಳ ಬುಡದಲ್ಲಿ ಬಿರುಕು ಬೀಳುತ್ತದೆ. ಅದೇ ಶಾಖಕ್ಕೆ ಅಟ್ಟೆಯ ಅಂಟೂ ಮೆತ್ತಗಾಗುತ್ತದೆ. ಹಾಗಾಗಿ ಹೇರ್ ಡ್ರೈಯರ್, ಬಿಸಿಲು, ಫ್ರಿಜ್ಜಿನ ಹಿಂಭಾಗ, ಮಲೆನಾಡಿನ ಮನೆಗಳ ಬಚ್ಚಲ ಒಲೆಯ ಮುಂದಿನ ಕಟ್ಟೆ ಯಾವುದೂ ಬೇಡ. ಬಿಸಿಗಾಳಿ ಊದುವ ಶೂ ಡ್ರೈಯರುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅದಕ್ಕೆ ದುಡ್ಡು ಹಾಕಬೇಡಿ.

ಮೊದಲು ಹಳೇ ಟವೆಲಿನಿಂದ ಹೊರಗೂ ಒಳಗೂ ಒತ್ತಿ ನೀರು ಹೀರಿಸಿ. ಉಜ್ಜಬೇಡಿ, ಒತ್ತಿ. ನಂತರ ಕಾಗದ. ಹಳೇ ಪತ್ರಿಕೆ ಆಗುತ್ತದೆ, ಆದರೆ ಒಳಗಿನ ಬಟ್ಟೆ ಬಿಳಿಯದಾಗಿದ್ದರೆ ಮಸಿ ಹತ್ತುತ್ತದೆ, ಅಂಥದ್ದಕ್ಕೆ ಮುದ್ರಿಸದ ಕಾಗದ ಅಥವಾ ಅಡುಗೆಮನೆಯ ಟಿಶ್ಯೂ ಹಾಕಿ. ಹೊಳಪಿನ ಬಣ್ಣದ ಪುಟ ನೀರು ಹೀರುವುದಿಲ್ಲ. ಕಾಗದವನ್ನು ಸಡಿಲವಾಗಿ ಮುದುಡಿ, ಬೆರಳ ತುದಿಯ ಮೂಲೆಗೆ ಮೊದಲು, ಆಮೇಲೆ ಹಿಮ್ಮಡಿಯವರೆಗೆ ತುಂಬಿ. ಬಿಗಿಯಾಗಿ ತುರುಕಿದರೆ ಒದ್ದೆ ಚರ್ಮ ಹಿಗ್ಗಿ ಹಾಗೇ ನಿಂತುಬಿಡುತ್ತದೆ.

ಕಾಗದವನ್ನು ಒಮ್ಮೆ ತುಂಬಿ ಮರೆತುಬಿಡುವವರೇ ಹೆಚ್ಚು. ಒದ್ದೆ ಕಾಗದ ಒಳಗೇ ಉಳಿದರೆ ಒದ್ದೆ ಬಟ್ಟೆ ತುರುಕಿಟ್ಟ ಹಾಗೆಯೇ. ಮೊದಲ ಸಲ ಅರ್ಧ ಗಂಟೆಗೆ ಬದಲಿಸಿ, ಮತ್ತೆ ಒಂದು ಗಂಟೆಗೆ, ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ, ಮಲಗುವ ಮುಂಚೆ ಇನ್ನೊಮ್ಮೆ. ಶೂವನ್ನು ನೆಲದ ಮೇಲೆ ನಿಲ್ಲಿಸದೆ ಪಕ್ಕಕ್ಕೆ ಮಲಗಿಸಿ, ಅಟ್ಟೆಗೂ ಗಾಳಿಯಾಡಲಿ. ಕಾಗದ ಬದಲಿಸುವಾಗಲೆಲ್ಲ ಮಗ್ಗುಲು ಬದಲಿಸಿ. ಫ್ಯಾನಿನ ಗಾಳಿ ಒಳ್ಳೆಯದು, ಟೇಬಲ್ ಫ್ಯಾನ್ ಆದರೆ ನಾಲ್ಕೈದು ಅಡಿ ದೂರವಿರಲಿ. ಬೆಂಗಳೂರಿನ ಒಣ ಹವೆಯಲ್ಲಿ ಒಂದೂವರೆ, ಎರಡು ದಿನ ಹಿಡಿಯುತ್ತದೆ. ಜುಲೈನ ಮಡಿಕೇರಿಯಲ್ಲಿ ಮೂರು ನಾಲ್ಕು ದಿನವಾದರೂ ಆಶ್ಚರ್ಯವಿಲ್ಲ. ಅಲ್ಲಿ ಹೊರಗಿನ ಗಾಳಿಯೇ ಒದ್ದೆ, ಆದ್ದರಿಂದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕುವುದೇ ಸರಿ.

ಒಣಗಿತೇ ಎಂದು ತಿಳಿಯಲು ಹೊರಗೆ ಮುಟ್ಟಿ ನೋಡಿದರೆ ಮೋಸ ಹೋಗುತ್ತೀರಿ. ಕೈಯನ್ನು ಬೆರಳ ತುದಿಯವರೆಗೂ ಒಳಗೆ ತೂರಿಸಿ, ಬೆರಳುಗಳ ಹಿಂಬದಿಯನ್ನು ಮೇಲ್ಗಡೆಯ ಚರ್ಮಕ್ಕೆ ತಾಗಿಸಿ ಹತ್ತು ಎಣಿಸಿ. ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ. ಕೋಣೆಯಷ್ಟೇ ಬೆಚ್ಚಗಿದ್ದರೆ ಒಣಗಿದೆ. ಒಳಹಾಸನ್ನು ಅಲ್ಲಿಯವರೆಗೆ ವಾಪಸು ಹಾಕಬೇಡಿ.

ಅರ್ಧ ಒಣಗಿದ ಮೇಲೆ ಕಾಗದದ ಬದಲು ಮರದ ಶೂ ಟ್ರೀ (ಶೂ ಒಳಗಿಡುವ ಪಾದದಾಕಾರದ ಅಚ್ಚು) ಹಾಕಿದರೆ ಆಕಾರ ಉಳಿಯುತ್ತದೆ. ದೇವದಾರು ಜಾತಿಯ ಮರದ್ದು, ವಾರ್ನಿಷ್ ಬಳಿಯದ್ದು ಕೊಳ್ಳಿ. ವಾರ್ನಿಷ್ ಇದ್ದರೆ ಮರ ತೇವ ಹೀರುವುದಿಲ್ಲ. ಸ್ಪ್ರಿಂಗ್ ಕಡ್ಡಿಯ ಪ್ಲಾಸ್ಟಿಕ್ಕಿನವು ಹಿಮ್ಮಡಿಯನ್ನು ಹಿಗ್ಗಿಸುತ್ತವೆ.

ನಂತರದ್ದು ಕ್ರೀಮು. ಪೂರ್ತಿ ಒಣಗಿದ ಚರ್ಮಕ್ಕೆ ಮಾತ್ರ. ಬಣ್ಣವಿಲ್ಲದ ಲೆದರ್ ಕ್ರೀಮನ್ನು ಕಡಲೆಕಾಳಿನಷ್ಟು ಬಟ್ಟೆಗೆ ತೆಗೆದುಕೊಂಡು ಸುತ್ತುಸುತ್ತಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಬ್ರಷ್ ಮಾಡಿ. ಬೇಸಿಗೆಯಲ್ಲಿ ಐದಾರು ಆಟಕ್ಕೊಮ್ಮೆ, ಮಳೆಗಾಲದಲ್ಲಿ ಪೂರ್ತಿ ನೆನೆದಾಗಲೆಲ್ಲ. ಡಬ್ಬಿಯ ಮೇಣದ ಪಾಲಿಶ್ ಬೇಕೆಂದರೆ ಮೂತಿಗೆ ಮಾತ್ರ, ತೆಳ್ಳಗೆ. ಒಳಗೆ ನೀರು ತಡೆಯುವ ಪದರ ಇರುವ ಶೂಗೆ ಗ್ರೀಸು, ಮೇಣ ದಪ್ಪಗೆ ಬಳಿದರೆ ಬೆವರು ಹೊರಬರದೆ ಕಾಲು ಬೇಯುತ್ತದೆ.

ತುದಿಯಲ್ಲಿ ಸ್ಪಂಜು ಇರುವ ಲಿಕ್ವಿಡ್ ಪಾಲಿಶ್ ಬಿಳಿ ಶೂಗಳ ಶತ್ರು. ಅದು ಚರ್ಮದೊಳಗೆ ಇಳಿಯುವುದೇ ಇಲ್ಲ, ಮೇಲೆ ಬಣ್ಣದ ಪೊರೆಯಾಗಿ ನಿಂತು ಮಡಿಕೆಯಲ್ಲಿ ಒಡೆಯುತ್ತದೆ. ಒಡೆದದ್ದನ್ನು ಮುಚ್ಚಲು ಮತ್ತೊಂದು ಪೊರೆ. ಕೊಬ್ಬರಿ ಎಣ್ಣೆಯನ್ನಂತೂ ದಯವಿಟ್ಟು ಹಚ್ಚಬೇಡಿ. ಚರ್ಮ ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಬರಬರುತ್ತಾ ಕಮಟು ವಾಸನೆಯೂ ಬರಬಹುದು. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ಹೊಲಿಗೆಗಳಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ.

ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬಟ್ಟೆಯಿಂದ ಒರೆಸಿ. ಬಿಳಿ ವಿನೆಗರ್ ಮತ್ತು ನೀರನ್ನು ಸಮ ಬೆರೆಸಿ, ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಹೋಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದ ಕಡೆ ಒರೆಸಿ, ಒಣಗಿಸಿ, ಕ್ರೀಮು ಹಚ್ಚಿ. ಶೂ ಇಟ್ಟಿದ್ದ ಚೀಲವನ್ನೂ ತೊಳೆಯಿರಿ, ಇಲ್ಲವಾದರೆ ಅದರಿಂದಲೇ ಮತ್ತೆ ಹತ್ತುತ್ತದೆ. ಇಡಲು ಬಟ್ಟೆಯ ಚೀಲವೇ ಆಗಬೇಕು. ಮಲೆನಾಡಿನಲ್ಲಿ ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿಡುವ ರೂಢಿ ಒಳ್ಳೆಯದೇ, ಆದರೆ ಎಲ್‌ಇಡಿಯಲ್ಲಿ ಹಳೇ ಬಲ್ಬಿನಷ್ಟು ಕಾವು ಇರುವುದಿಲ್ಲ. ಅಂಥ ಕಡೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ವಾರಕ್ಕೆರಡು ಸಲ ಆಡುವವರು ಎರಡು ಜೊತೆ ಇಟ್ಟುಕೊಳ್ಳಲೇಬೇಕು.

ಕೊನೆಗೆ ಸ್ಪೈಕುಗಳು, ಅಂದರೆ ಜಾರದಂತೆ ಅಟ್ಟೆಯಡಿ ಕೂರಿಸಿದ ಮೊನಚು ಬಿಲ್ಲೆಗಳು. 1990ರ ದಶಕದಲ್ಲಿ ಲೋಹದ ಮೊಳೆಗಳು ಹೋಗಿ ಪ್ಲಾಸ್ಟಿಕ್ಕಿನವು ಬಂದಮೇಲೆ ಇವು ಬೇಗ ಸವೆಯುತ್ತವೆ, ಪಾರ್ಕಿಂಗಿನ ಕಾಂಕ್ರೀಟಿನಲ್ಲಿ ನಡೆದರೆ ಇನ್ನೂ ಬೇಗ. ಸ್ಪೈಕಿನ ಕಾಲುಗಳು ಮೊನಚು ಕಳೆದುಕೊಂಡಿದ್ದರೆ ಎರಡೂ ಶೂಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೆಯದನ್ನು ತೆಗೆಯಲು ಎರಡು ಮುಳ್ಳಿನ ಕೀಲಿಯನ್ನು ಅಂಗೈಯಿಂದ ಬಲವಾಗಿ ಒತ್ತಿಕೊಂಡೇ ಎಡಕ್ಕೆ ತಿರುಗಿಸಿ, ಒತ್ತದೆ ತಿರುಗಿಸಿದರೆ ತೂತುಗಳು ಕಿತ್ತು ಹೋಗುತ್ತವೆ. ಬಿಗಿದುಕೊಂಡಿದ್ದರೆ ಅಟ್ಟೆಯನ್ನು ಮಾತ್ರ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಊರಿ. ಹೊಸದನ್ನು ಹಾಕುವ ಮುಂಚೆ ಗೂಡಿನೊಳಗಿನ ಮಣ್ಣನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ, ಮೊದಲ ಆಟ ಮುಗಿದ ಮೇಲೆ ಒಂದೊಂದನ್ನೂ ಮುಟ್ಟಿ ಸಡಿಲವಾಗಿದೆಯೇ ಎಂದು ನೋಡಿ.