ಮೇಕೆಗೊಂದು ಹಿಂಬಾಗಿಲು

ಆಲೂರು ಕಡೆಯ ನಮ್ಮ ಕಾಫಿ ತೋಟದ ಅಂಚಿನಲ್ಲಿ ಮೇಕೆ, ಕುರಿ, ಮೊಲ, ಬಾತುಕೋಳಿ, ಗಿಡ್ಡ ದನ ಎಲ್ಲ ಸಾಕಿಕೊಂಡು, ಶನಿವಾರ ಭಾನುವಾರ ಹಾಸನದ ಮಕ್ಕಳು ಬಂದು ಮುಟ್ಟಿ ನೋಡಲೆಂದು ಬಾಗಿಲು ತೆರೆದು ಆರು ವರ್ಷವಾಯಿತು. ಹೊಸದಾಗಿ ಶುರು ಮಾಡುವವರು ಫೋನ್ ಮಾಡಿದರೆ ಎಷ್ಟು ಜಾಗ ಬೇಕು, ಯಾವ ಪ್ರಾಣಿ ತರಬೇಕು ಎಂದೇ ಕೇಳುತ್ತಾರೆ. ನಾನು ಹೇಳುವುದು ಇಷ್ಟು: ಸಾಕು ಅನ್ನಿಸಿದಾಗ ಪ್ರಾಣಿ ಎದ್ದು ಹೋಗಲು ಮೊದಲು ಒಂದು ಜಾಗ ಮಾಡಿ, ಮಕ್ಕಳ ಜಾಗ ಆಮೇಲೆ ಅಳೆಯಿರಿ.

ಇದನ್ನು ಕಲಿಸಿದ್ದು ನಮ್ಮ ಗೌರಿ ಎಂಬ ಮೇಕೆ. ಮೊದಲ ಬೇಸಿಗೆಯಲ್ಲಿ ನಾಲ್ಕೂ ಕಡೆ ಬೇಲಿಯಿದ್ದ ಅಂಗಳದಲ್ಲಿ ಅವಳನ್ನು ಬಿಟ್ಟಿದ್ದೆ. ಮಕ್ಕಳು ಗುಂಪಾಗಿ ಸುತ್ತುವರಿದರೆ ಅವಳಿಗೆ ಹೋಗಲು ದಾರಿಯಿಲ್ಲ. ಎರಡನೇ ವಾರಕ್ಕೆ ತಲೆ ತಗ್ಗಿಸಿ ಹಾಯಲು ಶುರು ಮಾಡಿದಳು. "ಕೊಬ್ಬು ಜಾಸ್ತಿಯಾಗಿದೆ, ಮಾರಿಬಿಡು" ಅಂದರು ದೊಡ್ಡಪ್ಪ. ಮಾರುವ ಮನಸ್ಸಾಗಲಿಲ್ಲ. ಬೇಲಿಯ ಮೂಲೆಯಲ್ಲಿ ಒಂದು ಗಂಡಿ ಬಿಟ್ಟು, ಅದು ಕೊಟ್ಟಿಗೆಯ ಹಿಂಭಾಗಕ್ಕೆ ತೆರೆಯುವ ಹಾಗೆ ಮಾಡಿದೆ. ಗಂಡಿಯಾಚೆ ಮಕ್ಕಳು ಹೋಗುವಂತಿಲ್ಲ, ಅಲ್ಲಿ ಅತ್ತಿಗೆ ಕೂತಿರುತ್ತಾರೆ. ಗೌರಿ ಹಾಯುವುದನ್ನು ಬಿಟ್ಟಳು. ಈಗ ತಾನಾಗಿ ಒಳಗೆ ಹೋಗಿ ಸ್ವಲ್ಪ ಹೊತ್ತು ಮಲಗಿ, ಹಲಸಿನ ಎಲೆಯ ಸದ್ದು ಕೇಳಿದರೆ ತಾನಾಗಿಯೇ ಬರುತ್ತಾಳೆ.

ದನದಲ್ಲಿ ಮಕ್ಕಳಿಗೆ ಒಗ್ಗುವುದು ಮಲೆನಾಡು ಗಿಡ್ಡ ತಳಿ. ದೊಡ್ಡ ಹಸುವಿಗೂ ಎತ್ತರ ಮೂರು ಅಡಿಯ ಆಸುಪಾಸು, ಎರಡನೇ ಕ್ಲಾಸಿನ ಮಗು ಅದರ ಮುಖವನ್ನು ನೇರವಾಗಿ ನೋಡಬಹುದು. ಅಜ್ಜಂಪುರದ ಕಡೆಯ ಅಮೃತಮಹಲ್ ಕರು ತರಬೇಕೆಂಬ ಆಸೆ ನನಗಿತ್ತು. ಕಾವಲು ಎನ್ನುವ ದೊಡ್ಡ ಹುಲ್ಲುಗಾವಲುಗಳಲ್ಲಿ ಬಿಡುಬೀಸಾಗಿ ಮೇಯ್ದು ಬೆಳೆದ ತಳಿ ಅದು, ಹೊಸಬರು ಹತ್ತಿರ ಬಂದರೆ ಸಹಿಸುವುದಿಲ್ಲ ಎಂದು ಬಲ್ಲವರು ತಿಳಿಸಿದ ಮೇಲೆ ಕೈಬಿಟ್ಟೆ. ಕುರಿಯಲ್ಲಿ ಮಂಡ್ಯ ಕಡೆಯ ಬಂಡೂರು ಇದೆ, ಗಿಡ್ಡ ಕಾಲು, ಸಾಧು ಸ್ವಭಾವ. ಯಾರೋ ಒಬ್ಬರು ಗಿಳಿಮರಿ ತಂದು ಇಟ್ಟುಕೊಳ್ಳಿ ಅಂದಿದ್ದರು. ನಮ್ಮ ಕಾಡಿನ ಗಿಳಿ, ನಕ್ಷತ್ರ ಆಮೆ ಇವನ್ನೆಲ್ಲ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯ ಇಲಾಖೆಗೆ ಕೊಡಿ ಎಂದು ಕಳಿಸಿದೆ.

ಮೊಲದ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಕಿವಿ ಹಿಡಿದು ಎತ್ತುವ ಅಭ್ಯಾಸ ದೊಡ್ಡವರಲ್ಲೂ ಇದೆ. ಅದಕ್ಕೆ ನೋವಾಗುತ್ತದೆ, ಗಾಬರಿಯಲ್ಲಿ ಹಿಂಗಾಲು ಜಾಡಿಸಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ನಮ್ಮಲ್ಲಿ ಮೊಲವನ್ನು ಯಾರೂ ಎತ್ತುವುದಿಲ್ಲ. ಮಗು ಚಾಪೆಯ ಮೇಲೆ ಕಾಲು ಚಾಚಿ ಕೂರಬೇಕು. ಎರಡು ಕಡೆ ತೂತಿರುವ ಮರದ ಪೆಟ್ಟಿಗೆಯಿಂದ ಮೊಲ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದುಡ್ಡು ಕೊಟ್ಟು ಬಂದಿದ್ದೀವಿ ಎಂದು ಕೆಲವರು ಸಿಡುಕುತ್ತಾರೆ. ಅವರ ದುಡ್ಡು ವಾಪಸ್ ಕೊಟ್ಟಿದ್ದೇನೆ, ಮೊಲವನ್ನು ಎಳೆದು ಕೊಟ್ಟಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೊಲದ ಮನೆಗೆ ಬೀಗ. ಸೆಕೆಯನ್ನು ಅವು ತಡೆಯುವುದಿಲ್ಲ.

ಒಂದು ಭಾನುವಾರ ಯಾರೋ ಮಿಕ್ಕ ಪಲಾವ್ ಪಾತ್ರೆಯನ್ನೇ ಗೌರಿಯ ಮುಂದೆ ಇಟ್ಟು ಹೋಗಿದ್ದರು. ಪ್ರೀತಿಯಿಂದಲೇ ಇಟ್ಟದ್ದು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆ ಹುಲ್ಲು, ಸೊಪ್ಪನ್ನು ನಿಧಾನವಾಗಿ ಅರಗಿಸಲು ಆಗಿರುವುದು. ಅನ್ನ, ಹಿಟ್ಟು ಒಮ್ಮೆಲೇ ಬಿದ್ದರೆ ಬೇಗ ಹುದುಗಿ ಒಳಗೆಲ್ಲ ಹುಳಿಯಾಗುತ್ತದೆ. ರಾತ್ರಿ ಹೊತ್ತಿಗೆ ಅವಳ ಎಡಗಡೆಯ ಪಕ್ಕೆ ಉಬ್ಬಿ ಬಿಗಿಯಾಗಿತ್ತು, ಹಲ್ಲು ಕಡಿಯುತ್ತ ನಿಂತಿದ್ದಳು. ಪಶುವೈದ್ಯರು ಬಂದು ಚುಚ್ಚುಮದ್ದು ಕೊಟ್ಟು, ಅಡುಗೆ ಸೋಡಾ ಕರಗಿಸಿ ಕುಡಿಸಿ, ಒಣಹುಲ್ಲು ಬಿಟ್ಟು ಏನೂ ಹಾಕಬೇಡಿ ಅಂದರು. ಮೂರನೇ ದಿನ ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿದಾಗ ಗಂಟಲಲ್ಲಿ ಒಂದು ಉಂಡೆ ಮೇಲಕ್ಕೇರಿತು, ದವಡೆ ಮೆಲ್ಲಗೆ ಪಕ್ಕಕ್ಕೆ ಆಡತೊಡಗಿತು. ಮೆಲುಕು ಶುರುವಾಗಿತ್ತು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ.

ಅಂದಿನಿಂದ ಹೊರಗಿನ ತಿಂಡಿ ಗೇಟಿನಲ್ಲೇ ನಿಲ್ಲುತ್ತದೆ. ಮಕ್ಕಳ ಕೈಗೆ ನಾವೇ ಸೊಪ್ಪಿನ ಕಟ್ಟು ಕೊಡುತ್ತೇವೆ. ಮರಗಸಿ ಮಾಡುವಾಗ, ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರುವಾಗ, ಹಾಲುವಾಣ ಮರದ ಸೊಪ್ಪು ಬೇಕಾದಷ್ಟು ಸಿಗುತ್ತದೆ, ಉಳಿದ ದಿನ ಹಲಸು. ಲಂಟಾನ ಸೇರಿಕೊಳ್ಳದ ಹಾಗೆ ಕಟ್ಟನ್ನು ಬಿಡಿಸಿ ನೋಡುತ್ತೇನೆ, ಅದು ವಿಷ. ಮೇಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ ಎಂದು ತೋರಿಸಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಹೊರಡುವಾಗ ಎಲ್ಲರೂ ಸೋಪು ಹಾಕಿ ಕೈ ತೊಳೆಯಲೇಬೇಕು. ಚೆನ್ನಾಗಿ ಕಾಣುವ ಪ್ರಾಣಿಯ ಮೈಮೇಲೂ, ಸಗಣಿಯಲ್ಲೂ ಮಕ್ಕಳಿಗೆ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ನಾಯಿಗಳಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಮೇಕೆ ಕುರಿಗೆ ಪಿಪಿಆರ್ ಎಂಬ ಅಂಟುರೋಗದ ಲಸಿಕೆ, ಕಾಲಕಾಲಕ್ಕೆ ಜಂತುಹುಳದ ಔಷಧಿ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮುಚ್ಚುತ್ತೇವೆ. ನಮ್ಮ ಮಳೆಗೆ ನೆಲ ಒಣಗುವುದೇ ಇಲ್ಲ, ಕೆಸರಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಮೇಕೆಗಳಿಗೆ ಅಡಿಕೆ ದಬ್ಬೆಯ ಅಟ್ಟಣಿಗೆ ಮಾಡಿಸಿದ್ದೇವೆ.

ಕಳೆದ ದಸರಾ ರಜೆಯಲ್ಲಿ ಒಬ್ಬ ಹುಡುಗ ಅಜ್ಜಿಯ ಸೆರಗು ಬಿಡದೆ ನಿಂತಿದ್ದ. ಹಿಂದೊಮ್ಮೆ ಬೀದಿನಾಯಿ ಕಚ್ಚಿತ್ತಂತೆ. "ಮುಟ್ಟು ಪುಟ್ಟ, ಏನೂ ಮಾಡಲ್ಲ" ಎಂದು ಅಜ್ಜಿ ತಳ್ಳುತ್ತಿದ್ದರು. "ಬಿಡಿ ಅಜ್ಜಿ, ಅವನಿಗೆ ಬೇಡ ಅಂದರೆ ಬೇಡ" ಅಂದೆ. ಗಂಡಿಯ ಪಕ್ಕ ಅತ್ತಿಗೆಯ ಜೊತೆ ಅವನನ್ನು ಕೂರಿಸಿ, ಕೈಗೊಂದು ಹಲಸಿನ ಎಲೆ ಕೊಟ್ಟೆ. ಮುಕ್ಕಾಲು ಗಂಟೆಯಾದ ಮೇಲೆ ಗೌರಿ ಮಲಗಲು ಆ ದಾರಿಯಲ್ಲೇ ಬಂದಳು. ನಿಂತಳು. ಅವನ ಮೊಣಕೈ ಮೂಸಿ, ಎಲೆ ತೆಗೆದುಕೊಂಡು ಒಳಗೆ ಹೋದಳು. ನಲ್ಲಿಯ ಹತ್ತಿರ ಕೈ ತೊಳೆಸುವಾಗಲೂ ಅವನದು ಒಂದೇ ಮಾತು: "ಅಜ್ಜಿ, ಅದರ ಮೂಗು ತಣ್ಣಗಿತ್ತು."