ಟೊಮೆಟೊ ಸಸಿ ಗ್ರೀನ್‌ಹೌಸ್‌ಗೆ ಹೋಗುವ ಮುನ್ನ ರಾತ್ರಿಯ ಚಳಿ ನೋಡಿ

ಇಂಗ್ಲೆಂಡಿನಲ್ಲಿ ಏಪ್ರಿಲ್ ಬಂತೆಂದರೆ ನಮ್ಮ ಕನ್ನಡದ ಮನೆಗಳ ಕಿಟಕಿ ಕಟ್ಟೆಯ ತುಂಬಾ ಟೊಮೆಟೊ ಸಸಿಗಳೇ. ಮಾರ್ಚ್ ಮೊದಲಲ್ಲಿ, ದೋಸೆ ಹಿಟ್ಟು ಹುದುಗಲು ಇಡುತ್ತೇವಲ್ಲ, ಆ ಬಾಯ್ಲರ್ ಪಕ್ಕದ ಬೆಚ್ಚನೆ ಜಾಗದಲ್ಲೇ ಬೀಜದ ತಟ್ಟೆಯನ್ನೂ ಇಟ್ಟು ಮೊಳಕೆ ಬರಿಸಿದ್ದು. ಈಗ ಜಾಗ ಸಾಲುತ್ತಿಲ್ಲ, ಸಸಿಗಳು ಬೆಳಕು ಹುಡುಕಿಕೊಂಡು ಗಾಜಿನ ಕಡೆ ವಾಲಿ ಸೊರಗುತ್ತಿವೆ. ಹಿತ್ತಲಿನ ಗ್ರೀನ್‌ಹೌಸ್ ನೋಡಿದರೆ ಖಾಲಿ, ಮಧ್ಯಾಹ್ನ ಅದರೊಳಗೆ ಕಾಲಿಟ್ಟರೆ ಸ್ವೆಟರ್ ಬಿಚ್ಚುವಷ್ಟು ಸೆಕೆ. ಎಲ್ಲವನ್ನೂ ಎತ್ತಿ ಅಲ್ಲಿಟ್ಟುಬಿಡೋಣ ಅನ್ನಿಸುವುದು ಸಹಜ. ಸ್ವಲ್ಪ ತಡೆಯಿರಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೀಟರ್ ಇಲ್ಲದ ಗ್ರೀನ್‌ಹೌಸ್ ಹಗಲು ಎಷ್ಟು ಬೇಗ ಕಾಯುತ್ತದೋ ರಾತ್ರಿ ಅಷ್ಟೇ ಬೇಗ ಆರುತ್ತದೆ. ಏಪ್ರಿಲ್ ಬಿಸಿಲಿಗೆ 30 ಡಿಗ್ರಿ ಮುಟ್ಟಿದ ಗೂಡು ಬೆಳಗಿನ ಜಾವಕ್ಕೆ 3–4 ಡಿಗ್ರಿಗೆ ಇಳಿದಿರುತ್ತದೆ. ಮೋಡವಿಲ್ಲದೆ, ಗಾಳಿಯೂ ಇಲ್ಲದೆ ಆಕಾಶ ತುಂಬಾ ನಕ್ಷತ್ರ ಕಾಣುವ ರಾತ್ರಿಗಳಲ್ಲಿ ಇನ್ನೂ ಕಷ್ಟ. ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿ, ಒಳಗೂ ಹೊರಗೂ ಒಂದೆರಡು ಡಿಗ್ರಿಯ ವ್ಯತ್ಯಾಸವಷ್ಟೇ ಉಳಿಯುತ್ತದೆ. ಟೊಮೆಟೊ ಗಿಡ 10 ಡಿಗ್ರಿಗಿಂತ ಕೆಳಗೆ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಇಬ್ಬನಿ ಹೆಪ್ಪುಗಟ್ಟುವ ಚಳಿ ತಾಗಿದರಂತೂ ಒಂದೇ ರಾತ್ರಿಗೆ ಕಪ್ಪಾಗಿ ಜೋತುಬೀಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಟೊಮೆಟೊ ನೋಡಿ ಬೆಳೆದವರಿಗೆ ಇದು ಹೊಸ ವಿಷಯ. ಅಲ್ಲಿ ನೀರಿನದ್ದು, ರೋಗದ್ದು, ಬೆಲೆಯದ್ದು ಚಿಂತೆ. ಇಲ್ಲಿ ಮೇ ತಿಂಗಳು ಅರ್ಧ ಕಳೆಯುವವರೆಗೂ ಚಳಿಯದ್ದೇ ಚಿಂತೆ.

ಆದ್ದರಿಂದ ಗ್ರೀನ್‌ಹೌಸ್ ಇರುವವರು ಮೊದಲು ಕೊಳ್ಳಬೇಕಾದದ್ದು ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆ ಎರಡನ್ನೂ ಗುರುತಿಟ್ಟು ತೋರಿಸುವ ಥರ್ಮಾಮೀಟರ್. ಸಸಿಯ ಎತ್ತರಕ್ಕೆ, ನೇರ ಬಿಸಿಲು ಬೀಳದ ಕಡೆ ತೂಗುಹಾಕಿ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋದಾಗ ಅತಿ ಕಡಿಮೆಯ ಅಂಕಿ ಮಾತ್ರ ನೋಡಿ, ಮತ್ತೆ ಬಟನ್ ಒತ್ತಿ ಹೊಸದಾಗಿ ಶುರುಮಾಡಿ. ವಾರವಿಡೀ ಆ ಅಂಕಿ 10ರ ಆಸುಪಾಸಿನಲ್ಲೇ ನಿಂತಿತೆಂದರೆ ಸಸಿಗೆ ಕಾಲ ಬಂತು. ದಕ್ಷಿಣ ಇಂಗ್ಲೆಂಡಿನಲ್ಲಿ ಇದು ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಬರಬಹುದು. ಬರ್ಮಿಂಗ್‌ಹ್ಯಾಮ್, ಲೆಸ್ಟರ್ ಕಡೆ ಇನ್ನೊಂದು ವಾರ ಕಾಯಿರಿ, ಸ್ಕಾಟ್ಲೆಂಡಿನಲ್ಲಿರುವವರು ಮೇ ಕೊನೆ ಎಂದೇ ಇಟ್ಟುಕೊಳ್ಳಿ. ಜರ್ಮನಿಯಲ್ಲಿ ತೋಟ ಮಾಡುವ ಹಳಬರು ಮೇ 15ರ 'ಚಳಿಯ ಸೋಫಿ' ದಿನ ಕಳೆಯದೆ ಟೊಮೆಟೊ ಹೊರಗೆ ನೆಡುವುದಿಲ್ಲ. ಗ್ರೀನ್‌ಹೌಸ್ ಇದ್ದವರು ಅಷ್ಟು ಕಾಯಲೇಬೇಕೆಂದಿಲ್ಲ, ಆದರೂ ಆ ಹಳೆಯ ಲೆಕ್ಕಕ್ಕೆ ನಾನು ಬೆಲೆ ಕೊಡುತ್ತೇನೆ.

ಸಸಿ ಕೂಡ ತನ್ನ ಕಷ್ಟ ಹೇಳುತ್ತದೆ, ಎಲೆ ಮಗುಚಿ ನೋಡಬೇಕಷ್ಟೆ. ಆರೋಗ್ಯದ ಸಸಿಯ ಎಲೆಯ ಹಿಂಭಾಗ ತಿಳಿಹಸಿರು. ಚಳಿ ಹಿಡಿದ ಸಸಿಯಲ್ಲಿ ನರಗಳಿಂದ ಶುರುವಾಗಿ ಇಡೀ ಹಿಂಭಾಗಕ್ಕೆ ನೇರಳೆ ಬಣ್ಣ ಹರಡುತ್ತದೆ, ಕಾಂಡವೂ ಕೆನ್ನೀಲಿಗೆ ತಿರುಗುತ್ತದೆ. ಮಣ್ಣು ತಣ್ಣಗಿದ್ದಾಗ ಬೇರಿಗೆ ರಂಜಕ (ಫಾಸ್ಫರಸ್) ಎಳೆದುಕೊಳ್ಳಲು ಆಗುವುದಿಲ್ಲ, ಅದರ ಗುರುತು ಇದು. ಎಷ್ಟೋ ಜನ ಗೊಬ್ಬರ ಸಾಲದು ಎಂದುಕೊಂಡು ಮೇಲಿಂದ ಮೇಲೆ ಸುರಿಯುತ್ತಾರೆ. ಮಣ್ಣಿನಲ್ಲಿ ರಂಜಕ ಇದ್ದೇ ಇರುತ್ತದೆ. ಕುಂಡವನ್ನು ರಾತ್ರಿ ಮನೆಯೊಳಗೆ ತನ್ನಿ, ಹೊಸ ಎಲೆಗಳು ಹಸಿರಾಗಿಯೇ ಬರುತ್ತವೆ.

ಗ್ರೀನ್‌ಹೌಸ್ ಎಂದರೂ ಸಸಿಗೆ ಅದು ಹೊರಗೇ. ಕಿಟಕಿ ಕಟ್ಟೆಯಿಂದ ಒಂದೇ ಸಲ ಒಯ್ದು ಕೂರಿಸಿದರೆ ಎಲೆಗಳು ಬಿಸಿಲಿಗೆ ಬಿಳಿಚಿಕೊಂಡು ಕಾಗದದಂತೆ ಒಣಗುತ್ತವೆ. ಒಂದು ವಾರ, ಹತ್ತು ದಿನ ಹಗಲು ಮಾತ್ರ ಅಲ್ಲಿಟ್ಟು ಸಂಜೆ ಒಳಗೆ ತನ್ನಿ. ಮೊದಮೊದಲು ನೆರಳಿನ ಮೂಲೆ, ಆಮೇಲೆ ಬಿಸಿಲು. ಹೊತ್ತು ತಿರುಗುವುದು ಬೇಸರದ ಕೆಲಸವೇ, ಆದರೆ ಈ ಹತ್ತು ದಿನದಲ್ಲಿ ಕಾಂಡ ಗಟ್ಟಿಯಾಗುವುದು ಕೈಗೇ ತಿಳಿಯುತ್ತದೆ. ಇದೇ ಹೊತ್ತಿಗೆ ಗ್ರೋಬ್ಯಾಗನ್ನೋ (ಗಿಡವನ್ನು ನೇರವಾಗಿ ನೆಡುವ ಮಣ್ಣಿನ ಚೀಲ) ಮಣ್ಣು ತುಂಬಿದ ಕುಂಡವನ್ನೋ ಗ್ರೀನ್‌ಹೌಸಿನೊಳಗೆ ಇಟ್ಟುಬಿಡಿ, ಮಣ್ಣು ಬೆಚ್ಚಗಾಗಲಿ. ಅಂಗಡಿಯಿಂದ ತಂದ ಚೀಲದ ತಣ್ಣನೆ ಮಣ್ಣಿಗೆ ಅವತ್ತೇ ನೆಟ್ಟರೆ ಬೇರು ಕಂಗೆಡುತ್ತದೆ. ಒಂದು ಗ್ರೋಬ್ಯಾಗಿಗೆ ಎರಡು ಗಿಡ ಸಾಕು.

ನೆಡುವುದಕ್ಕೆ ನಾನು ನೋಡುವ ಇನ್ನೊಂದು ಗುರುತು ಮೊದಲ ಹೂಗೊಂಚಲು. ಅದರಲ್ಲಿ ಒಂದು ಹೂವಾದರೂ ಹಳದಿ ತೋರಿಸುತ್ತಿರಬೇಕು. ಸಸಿಯನ್ನು ಬೀಜದಳದ (ಮೊಳಕೆಯಲ್ಲಿ ಮೊದಲು ಬಿಡುವ ಜೋಡಿ ಎಲೆ) ಮಟ್ಟಕ್ಕೆ ಆಳವಾಗಿ ಹೂಳಿ. ಮಣ್ಣಿನೊಳಗೆ ಹೋದ ಕಾಂಡದ ಭಾಗದಿಂದಲೂ ಹೊಸ ಬೇರು ಹೊರಡುತ್ತದೆ. ಉದ್ದುದ್ದ ಸೊರಗಿದ ಸಸಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಕಸಿ ಮಾಡಿದ ಸಸಿ ಕೊಂಡಿದ್ದರೆ ಮಾತ್ರ ಕಸಿಯ ಗಂಟು ಮಣ್ಣಿನ ಮೇಲೇ ಇರಲಿ.

ನೆಟ್ಟ ಮೇಲೂ ಚಳಿ ಮರುಕಳಿಸುತ್ತದೆ. ಹವಾಮಾನ ವರದಿಯಲ್ಲಿ 4 ಡಿಗ್ರಿ ಅಂದರೆ ಸಂಜೆಯೇ ಗಿಡಗಳಿಗೆ ತೋಟದ ಫ್ಲೀಸ್ (ಚಳಿ ತಡೆಯುವ ತೆಳು ಬಟ್ಟೆ) ಹೊದಿಸಿ. ಅದಿಲ್ಲದಿದ್ದರೆ ಹಳೆ ನ್ಯೂಸ್‌ಪೇಪರ್ ಎರಡು ಪದರ ಆಗುತ್ತದೆ. ಎಲೆಗಳು ಗಾಜಿಗೆ ತಾಗದಂತೆ ನೋಡಿಕೊಳ್ಳಿ, ತಾಗಿದ ಎಲೆಯೇ ಮೊದಲು ಚಳಿಗೆ ಸುಡುವುದು. ದೊಡ್ಡ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿ ಗಿಡಗಳ ನಡುವೆ ಇಟ್ಟರೆ ಹಗಲಿನ ಶಾಖ ಹಿಡಿದಿಟ್ಟು ರಾತ್ರಿ ನಿಧಾನಕ್ಕೆ ಬಿಡುತ್ತವೆ. ಮೇಣದ ಬತ್ತಿ, ಸೀಮೆಎಣ್ಣೆ ಒಲೆ ನನಗೆ ಒಪ್ಪಿಗೆಯಿಲ್ಲ. ಫ್ಲೀಸ್ ಪಕ್ಕದಲ್ಲಿ ಬೆಂಕಿ ಬೇಡವೇ ಬೇಡ, ಜೊತೆಗೆ ಸೀಮೆಎಣ್ಣೆ ಉರಿದಾಗ ಹೊರಡುವ ನೀರಾವಿಯಿಂದ ಎಲೆಗೆ ಬೂಷ್ಟು ಹಿಡಿಯುತ್ತದೆ.

ಬೆಳಿಗ್ಗೆ ಬಿಸಿಲೇರಿದ ಕೂಡಲೇ ಬಾಗಿಲು, ಮೇಲಿನ ಕಿಂಡಿ ತೆರೆಯಿರಿ. ಒಳಗೆ 27 ಡಿಗ್ರಿ ದಾಟಗೊಡಬೇಡಿ. ಮತ್ತೆ ಮುಚ್ಚುವುದು ಬಿಸಿಲು ಪೂರ್ತಿ ಇಳಿಯುವ ಮೊದಲೇ, ಸಂಜೆ ನಾಲ್ಕೈದು ಗಂಟೆಗೆ, ಆಗ ಉಳಿದ ಶಾಖ ಒಳಗೇ ಇರುತ್ತದೆ. ನೀರು ಬೆಳಿಗ್ಗೆ ಹಾಕಿ, ಅದೂ ಹಿಂದಿನ ದಿನವೇ ಕ್ಯಾನಿನಲ್ಲಿ ತುಂಬಿ ಒಳಗಿಟ್ಟ ನೀರು. ನಲ್ಲಿಯ ಕೊರೆಯುವ ನೀರು ಸಸಿಯ ಬುಡಕ್ಕೆ ಬೀಳಬಾರದು. ಪೊಟ್ಯಾಷ್ ಗೊಬ್ಬರಕ್ಕೆ ಅವಸರವಿಲ್ಲ, ಮೊದಲ ಗೊಂಚಲಿನಲ್ಲಿ ಕಾಯಿ ಕಚ್ಚಿದ ಮೇಲೆ ವಾರಕ್ಕೊಮ್ಮೆ ಕೊಟ್ಟರಾಯಿತು.

ಊರಿನ ನಾಟಿ ಟೊಮೆಟೊ ಬೀಜ ಸೂಟ್‌ಕೇಸಿನಲ್ಲಿ ತರುವ ಆಸೆ ನಮಗೆಲ್ಲ ಇದ್ದದ್ದೇ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಅದನ್ನು ಬ್ರಿಟನ್ನಿಗೆ ತರುವಂತಿಲ್ಲ, ಬೀಜದ ಜೊತೆ ವೈರಸ್ ರೋಗ ಬರಬಹುದೆಂಬ ಭಯ ನಿಜವಾದದ್ದು. ಸಾರಿಗೆ, ಗೊಜ್ಜಿಗೆ ಇಲ್ಲಿಯ ಏಲ್ಸಾ ಕ್ರೇಗ್ ತಳಿ ಚೆನ್ನಾಗಿದೆ. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನಲು ಸನ್‌ಗೋಲ್ಡ್ ತಳಿ ಹಾಕಿ.

ಎರಡು ಮೂರು ಸಸಿಗಳನ್ನು ಮೇ ಕೊನೆಯವರೆಗೂ ಕಿಟಕಿಯಲ್ಲೇ ಉಳಿಸಿಕೊಳ್ಳಿ, ಗ್ರೀನ್‌ಹೌಸಿನಲ್ಲಿ ಒಂದು ಹೋದರೆ ಅದರ ಜಾಗಕ್ಕೆ ಬರುತ್ತದೆ. ಅದೇ ಕಟ್ಟೆಯಲ್ಲಿರುವ ಬದನೆ ಮತ್ತು ಮೆಣಸಿನ ಸಸಿಗಳನ್ನು ಟೊಮೆಟೊ ಜೊತೆಗೇ ಕಳಿಸಬೇಡಿ. ಅವು ಇನ್ನೂ ನಾಜೂಕು, ರಾತ್ರಿಯ ಅಂಕಿ 12 ದಾಟುವವರೆಗೆ ಇನ್ನೆರಡು ವಾರ ಮನೆಯೊಳಗೇ ಇರಲಿ.